ಹಂಚಿನ ಮಾಡಿಗೆ ಅಡಿಹಾಸು: ಫೆಲ್ಟ್ ಶೀಟ್ ಹಾಸುವಾಗ ಎಲ್ಲಿ ತಪ್ಪುತ್ತೇವೆ?

ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರ ಮನೆಯಲ್ಲಿ ಅಟ್ಟ ಅಂದ್ರೆ ಹಳೇ ಸಾಮಾನು ತುಂಬುವ ಜಾಗ ಮಾತ್ರ ಅಲ್ಲ. ವರ್ಷದ ದುಡಿಮೆ ಇರುವುದೇ ಅಲ್ಲಿ. ಚಾಲಿ ಅಡಿಕೆ ಮೂಟೆ, ಕಾಳುಮೆಣಸು, ಬೀಜದ ಭತ್ತ, ಸ್ವಲ್ಪ ಜಾಯಿಕಾಯಿ, ಏಲಕ್ಕಿ ಎಲ್ಲವೂ ದರ ಏರಲಿ ಅಂತ ಕಾಯುತ್ತಾ ಅಟ್ಟದಲ್ಲಿ ಕೂತಿರುತ್ತವೆ. ಆರಿದ್ರಾ ಮಳೆಯ ಒಂದು ರಾತ್ರಿ ಗಾಳಿ ಸಮೇತ ಬಾರಿಸಿದರೆ, ಬೆಳಿಗ್ಗೆ ಮೂಟೆಯ ಬುಡ ಒದ್ದೆ. ಮೂರು ದಿನ ಕಳೆದು ಬಾಯಿ ಬಿಚ್ಚಿ ನೋಡಿದರೆ ಬೂಸ್ಟು. ಮಂಡಿಯಲ್ಲಿ ಅದನ್ನು ಬೇರೆ ದರಕ್ಕೇ ಕೇಳ್ತಾರೆ.

ಹಂಚು ಒಡೆದಿದ್ದಕ್ಕೆ ಸೋರಿತು ಅಂತ ನಾವು ಅಂದುಕೊಳ್ಳುತ್ತೇವೆ. ಕೆಲವು ಸಲ ಹಾಗೇ ಆಗಿರುತ್ತದೆ. ಮಂಗಗಳು ಮಾಡಿನ ಮೇಲೆ ಓಡಾಡುವ ಊರುಗಳಲ್ಲಂತೂ ವರ್ಷಕ್ಕೊಮ್ಮೆ ಹಂಚು ಕೈಯಾಡಿಸಿದರೂ ಸಾಲುವುದಿಲ್ಲ. ಆದರೆ ಒಂದೇ ಒಂದು ಹಂಚು ಒಡೆಯದಿದ್ದರೂ ಸೋರುವ ಮಾಡುಗಳಿವೆ. ಗಾಳಿಯ ಎರಚಲು ಹಂಚಿನ ಸಂದಿಯಿಂದ ಮೇಲ್ಮುಖವಾಗಿ ನುಗ್ಗುತ್ತದೆ. ಹಳೇ ಹಂಚು ನೀರು ಕುಡಿದು ತಳದಲ್ಲಿ ಜಿನುಗುತ್ತದೆ. ಪಾಚಿ, ತರಗೆಲೆ ಹಂಚಿನ ಗಾಡಿಯಲ್ಲಿ ತುಂಬಿಕೊಂಡರೆ ನೀರು ಪಕ್ಕಕ್ಕೆ ಉಕ್ಕುತ್ತದೆ. ಇದಕ್ಕೆಲ್ಲ ಹಂಚು ಬದಲಿಸುವುದು ಮದ್ದಲ್ಲ. ಹಂಚಿನ ಅಡಿಗೆ ಇನ್ನೊಂದು ಪದರ ಬೇಕು. ಅದನ್ನೇ ಅಡಿಹಾಸು ಅನ್ನೋದು. ಡಾಂಬರು ಲೇಪದ ಫೆಲ್ಟ್ ಶೀಟ್ ಇದಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿದೆ.

ಬಾಸೆಲ್ ಮಿಷನ್‌ನವರು 1865 ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹಂಚು ನಮ್ಮ ಹುಲ್ಲಿನ ಮಾಡುಗಳ ಜಾಗಕ್ಕೆ ಬಂತು. ನಮ್ಮ ಅಜ್ಜಂದಿರು ಅಡಿಹಾಸು ಇಲ್ಲದೆಯೇ ಕಾಲ ಕಳೆದರು ನಿಜ. ಅವರ ಮಾಡಿಗೆ ಇಳಿಜಾರು ಚೆನ್ನಾಗಿತ್ತು, ಸೂರು ಉದ್ದ ಇತ್ತು, ಒಳಗೆ ದಿನವಿಡೀ ಒಲೆಯ ಹೊಗೆ ಆಡ್ತಾ ಇತ್ತು. ಜಿನುಗಿದ ನೀರು ಆ ಬಿಸಿಗೆ ಒಣಗಿಬಿಡುತ್ತಿತ್ತು. ಈಗ ಗ್ಯಾಸ್ ಒಲೆ ಬಂದಿದೆ, ಹೊಗೆ ಇಲ್ಲ, ಅಟ್ಟ ತಣ್ಣಗೆ ಒದ್ದೆಯಾಗಿಯೇ ಉಳಿಯುತ್ತದೆ. ಹಾಗಾಗಿ ಅಜ್ಜನ ಕಾಲದಲ್ಲಿ ಬೇಡವಾಗಿದ್ದು ಈಗ ಬೇಕು.

ಮೊದಲು ಇಳಿಜಾರು ಅಳೆಯಿರಿ

ಫೆಲ್ಟ್ ತರುವ ಮುಂಚೆ ಮಾಡಿನ ಇಳಿಜಾರು ಎಷ್ಟಿದೆ ನೋಡಿಕೊಳ್ಳಬೇಕು. ಅಟ್ಟದೊಳಗೆ ಹೋಗಿ ಒಂದು ಮೀಟರ್ ಉದ್ದದ ನೇರ ಪಟ್ಟಿಯ ಒಂದು ತುದಿಯನ್ನು ಪಕ್ಕಾಸಿಗೆ ತಾಗಿಸಿ, ಮಟ್ಟಗೋಲು ಇಟ್ಟು ಅಡ್ಡಲಾಗಿ ಹಿಡಿಯಿರಿ. ಇನ್ನೊಂದು ತುದಿಯಿಂದ ಪಕ್ಕಾಸಿನ ತನಕ ನೇರ ಮೇಲಕ್ಕೆ ಟೇಪಿನಲ್ಲಿ ಅಳೆಯಿರಿ. ಅರ್ಧ ಮೀಟರ್ ಬಂದರೆ ಸುಮಾರು 27 ಡಿಗ್ರಿ, 60 ಸೆಂ.ಮೀ. ಬಂದರೆ 31 ಡಿಗ್ರಿ. ಇಷ್ಟಿದ್ದರೆ ಒಳ್ಳೆಯದು. 35 ಸೆಂ.ಮೀ. ಅಂದ್ರೆ 19 ಡಿಗ್ರಿ ಮಾತ್ರ. ಅಷ್ಟು ಚಪ್ಪಟೆ ಮಾಡಿಗೆ ಹಂಚೇ ಸರಿಯಲ್ಲ, ಅಡಿಹಾಸು ಹಾಕಿ ಅದನ್ನು ಉಳಿಸಲು ಹೋಗಬೇಡಿ. ಹಣ ಎರಡು ಸಲ ಖರ್ಚಾಗುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅಡಿಹಾಸಿನ ಕೆಲಸ ಹಂಚನ್ನು ದಾಟಿ ಬಂದ ಸ್ವಲ್ಪ ನೀರನ್ನು ದೋಣಿಗೆ ತಲುಪಿಸುವುದು. ಇಡೀ ಮಳೆಯನ್ನು ಹೊರುವುದು ಅದರ ಕೆಲಸ ಅಲ್ಲ.

ಅದೇ ಹೊತ್ತಿನಲ್ಲಿ ಮರವನ್ನೂ ನೋಡಿಬಿಡಿ. ಒಂದು ಚೂರಿ ತಗೊಂಡು ಗೋಡೆ ಮೇಲಿನ ತೊಲೆ, ಪಕ್ಕಾಸಿನ ತುದಿ, ಒಳಮೂಲೆಯ ಮರ ಇಷ್ಟನ್ನೂ ಚುಚ್ಚಿ ನೋಡಬೇಕು. ಚೂರಿ ಸಲೀಸಾಗಿ ಒಳಹೋದರೆ ಆ ಮರ ಬದಲಾಗಬೇಕು. ಕುಂಬು ಮರದ ಮೇಲೆ ಹೊಸ ಫೆಲ್ಟ್ ಹಾಸಿದರೆ ಹುಣ್ಣನ್ನು ತೊಳೆಯದೆ ಬಟ್ಟೆ ಕಟ್ಟಿದ ಹಾಗೆ. ಹಂಚಿನ ಮಾಡು ಹಗುರ ಏನಲ್ಲ. ಒಂದು ಚದರ ಮೀಟರಿಗೆ 15 ರ ಆಸುಪಾಸು ಹಂಚು ಬೇಕು, ತೂಕ 40 ಕೆ.ಜಿ. ಹತ್ತಿರ ಬರುತ್ತದೆ, ನೀರು ಕುಡಿದ ಮೇಲೆ ಇನ್ನೂ ಹೆಚ್ಚು. ಅದರ ಕೆಳಗೆ ಮಕ್ಕಳು ಮಲಗ್ತಾರೆ.

ಯಾವ ಶೀಟ್?

ಅಂಗಡಿಯಲ್ಲಿ ತಾರ್ ಫೆಲ್ಟ್, ಡಾಂಬರು ಶೀಟ್ ಅಂತ ಕೇಳಿದರೆ ಸಿಗುತ್ತದೆ. ಸಾಮಾನ್ಯವಾಗಿ 1 ಮೀಟರ್ ಅಗಲ, 10 ಅಥವಾ 20 ಮೀಟರ್ ಉದ್ದದ ರೋಲ್. ಐ.ಎಸ್. 1322 ಅಂತ ಗುರುತು ಇದೆಯಾ ನೋಡಿ. ಗೋಣಿ ಬಟ್ಟೆಯ ಆಧಾರ ಇರುವ ಫೆಲ್ಟ್ ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಆದರೆ ಕತ್ತರಿಸಿದ ಅಂಚಿನಲ್ಲಿ ಗೋಣಿ ನೀರು ಹೀರಿ ಕೊಳೆಯುತ್ತದೆ. ಗಾಜಿನ ನಾರಿನ ಆಧಾರದ್ದು ಕೊಳೆಯುವುದಿಲ್ಲ, ಮಡಚಿದರೆ ಮಾತ್ರ ಬಿರುಕು ಬಿಡಬಹುದು. ಹಲಗೆ ಹೊಡೆದ ಮಾಡಿಗೆ ಎರಡನೆಯದು, ಹಲಗೆ ಇಲ್ಲದೆ ಪಕ್ಕಾಸಿನ ಮೇಲೇ ಹಾಸುವುದಾದರೆ ಮೊದಲನೆಯದು ನನ್ನ ಆಯ್ಕೆ.

ಗಾಳಿಯಾಡುವ ಮೆಂಬ್ರೇನ್ ಅಂತ ಹೊಸದೊಂದು ಬಂದಿದೆ. ನೀರನ್ನು ತಡೆದು ಒಳಗಿನ ಆವಿಯನ್ನು ಹೊರಗೆ ಬಿಡುತ್ತದೆ. ಅಡಿಕೆ ಅಟ್ಟಕ್ಕೆ ಒಳ್ಳೆಯದೇ. ದರ ಜಾಸ್ತಿ, ಎಲ್ಲ ಕಡೆ ಸಿಗುವುದಿಲ್ಲ, ಬಿಸಿಲಿಗೆ ವಾರಗಟ್ಟಲೆ ಬಿಟ್ಟರೆ ಕೆಡುತ್ತದೆ.

ಇನ್ನು ಟಾರ್ಪಾಲು. ಅಂಗಳದಲ್ಲಿ ಅಡಿಕೆ ಮುಚ್ಚಿ ಉಳಿದ ಟಾರ್ಪಾಲನ್ನೇ ಹಂಚಿನ ಅಡಿಗೆ ಹಾಕುವವರಿದ್ದಾರೆ. ಎರಡು ಮಳೆಗಾಲ ನಡೆಯುತ್ತದೆ. ಆಮೇಲೆ ಮಡಿಕೆಯಲ್ಲಿ ಪುಡಿಯಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಏನಂದ್ರೆ, ಆವಿ ಹೊರಹೋಗದೆ ತಳದಲ್ಲಿ ಹನಿ ಕಟ್ಟಿ ಅಡಿಕೆ ಮೇಲೆ ಬೀಳುತ್ತದೆ. ಮಾಡು ಸೋರ್ತಾ ಇದೆ ಅಂತ ನಾವು ಮೇಲೆ ಹತ್ತಿ ಹುಡುಕುತ್ತೇವೆ, ಅಲ್ಲಿ ತೂತೇ ಇರುವುದಿಲ್ಲ!

ಎಷ್ಟು ರೋಲ್ ಬೇಕು ಅನ್ನೋ ಲೆಕ್ಕದಲ್ಲಿ ಬಹಳ ಜನ ತಪ್ಪುತ್ತಾರೆ. ಉದಾಹರಣೆಗೆ ಸೂರಿನ ಉದ್ದ 12 ಮೀಟರ್, ಸೂರಿನಿಂದ ನೆತ್ತಿಗೆ 5 ಮೀಟರ್ ಇರುವ ಎರಡು ಇಳಿಜಾರಿನ ಮನೆ. ಒಟ್ಟು 120 ಚದರ ಮೀಟರ್. 20 ಮೀಟರಿನ ರೋಲ್ ಆದರೆ 6 ಸಾಕು ಅನಿಸುತ್ತದೆ. ಆದರೆ ಒಂದರ ಮೇಲೊಂದು 15 ಸೆಂ.ಮೀ. ಹೊದಿಕೆ ಬರುವುದರಿಂದ ಮೊದಲ ಸಾಲು ಬಿಟ್ಟು ಉಳಿದ ಸಾಲುಗಳು ಮುಚ್ಚುವುದು 85 ಸೆಂ.ಮೀ. ಮಾತ್ರ. ಸೂರಿನಲ್ಲಿ 10, ನೆತ್ತಿಯಲ್ಲಿ 15 ಸೆಂ.ಮೀ. ಹೆಚ್ಚುವರಿ ಸೇರಿಸಿದರೆ ಒಂದು ಬದಿಗೆ 5.25 ಮೀಟರ್ ಮುಚ್ಚಬೇಕು, ಅಂದ್ರೆ 6 ಸಾಲು. ಎರಡು ಬದಿ ಸೇರಿ 12 ಸಾಲು, ಸಾಲಿಗೆ 12 ಮೀಟರಿಗಿಂತ ಸ್ವಲ್ಪ ಹೆಚ್ಚು, ತುದಿ ಹೊದಿಕೆ ಸೇರಿ ಒಟ್ಟು 147 ಮೀಟರ್ ಹತ್ತಿರ. 8 ರೋಲ್ ಬೇಕು. ಹಂಚು ಇಳಿಸಿದ ಮೇಲೆ ಎರಡು ರೋಲ್ ಕಡಿಮೆ ಬಿದ್ದು, ಪೇಟೆಗೆ ಗಾಡಿ ಕಳಿಸಿ, ಅಷ್ಟರಲ್ಲಿ ಮೋಡ ಕಟ್ಟಿದರೆ ಆ ಪಾಡು ಬೇಡ.

ಯಾವಾಗ ಮಾಡಬೇಕು

ಕೊಯ್ಲು ಮುಗಿದು ಅಟ್ಟದ ಸರಕು ಸ್ವಲ್ಪ ಖಾಲಿಯಾಗುವ ಫೆಬ್ರವರಿ, ಮಾರ್ಚ್ ಒಳ್ಳೇ ಹೊತ್ತು. ಏಪ್ರಿಲ್ ಮಧ್ಯ ದಾಟಿದರೆ ಸಂಜೆ ಗುಡುಗಿನ ಮಳೆ ಯಾವಾಗ ಬೇಕಾದರೂ ಬರಬಹುದು. ಮೇ ತಿಂಗಳಲ್ಲಿ ಬಡಗಿಗಳೂ ಸಿಗುವುದಿಲ್ಲ, ಎಲ್ಲರಿಗೂ ಆಗಲೇ ಮಾಡಿನ ನೆನಪಾಗುವುದು. ಇಡೀ ಮಾಡಿನ ಹಂಚು ಒಂದೇ ದಿನ ಇಳಿಸಬೇಡಿ. ಆ ದಿನ ಸಂಜೆಯೊಳಗೆ ಎಷ್ಟು ಮುಚ್ಚಲು ಆಗುತ್ತದೋ ಅಷ್ಟೇ ಬಿಚ್ಚಿ.

ರೋಲನ್ನು ನೆರಳಿನಲ್ಲಿ ನಿಲ್ಲಿಸಿ ಇಡಬೇಕು. ಮಲಗಿಸಿ ಒಂದರ ಮೇಲೊಂದು ಹೇರಿದರೆ ಡಾಂಬರು ಅಂಟಿಕೊಂಡು ಬಿಚ್ಚುವಾಗ ಸಿಪ್ಪೆ ಏಳುತ್ತದೆ. ಹಾಸುವ ಮುಂಚೆ ಬೇಕಾದಷ್ಟು ಉದ್ದ ಕತ್ತರಿಸಿ ಅಂಗಳದಲ್ಲಿ ಒಂದು ತಾಸು ಬಿಚ್ಚಿಟ್ಟರೆ ಸುರುಳಿ ಬಿಟ್ಟು ಚಪ್ಪಟೆಯಾಗುತ್ತದೆ. ಮಟಮಟ ಮಧ್ಯಾಹ್ನ ಅದರ ಮೇಲೆ ಕಾಲಿಡಬೇಡಿ. ಮೆತ್ತಗಾದ ಫೆಲ್ಟಿನ ಮೇಲೆ ಚಪ್ಪಲಿ ಹಿಮ್ಮಡಿ ಒತ್ತಿದರೂ ಗಾಯ. ಬೆಳಿಗ್ಗೆ 11 ರ ಒಳಗೆ, ಸಂಜೆ 4 ರ ಮೇಲೆ ಹಾಸುವ ಕೆಲಸ, ನಡುವೆ ರೀಪು ಕೊಯ್ಯುವುದು, ಹಂಚು ತೊಳೆಯುವುದು ಹೀಗೆ ಹಂಚಿಕೊಂಡರೆ ಸಮಯ ಹಾಳಾಗುವುದಿಲ್ಲ.

ಹಾಸುವ ಕ್ರಮ

ಯಾವಾಗಲೂ ಸೂರಿನಿಂದ ಶುರು, ನೆತ್ತಿಯ ಕಡೆಗೆ. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಬರಬೇಕು, ಮೀನಿನ ಹುರುಪೆಯ ಹಾಗೆ. ಇದು ಎಲ್ಲರಿಗೂ ಗೊತ್ತು. ಆದರೂ ಒಳಮೂಲೆ, ಕೊಳವೆ ಬಂದ ಜಾಗದಲ್ಲಿ ಉಲ್ಟಾ ಆಗಿರುತ್ತದೆ.

ಸೂರಿನಲ್ಲಿ ಫೆಲ್ಟಿನ ತುದಿ ಸೂರು ಹಲಗೆಯನ್ನು ದಾಟಿ ದೋಣಿಯೊಳಗೆ ಇಳಿಯಬೇಕು. ಹಲಗೆಯ ಹಿಂದೆಯೇ ನಿಂತುಬಿಟ್ಟರೆ, ಮೇಲಿಂದ ಹರಿದು ಬಂದ ನೀರೆಲ್ಲ ಗೋಡೆಯ ತಲೆಗೆ ಇಳಿಯುತ್ತದೆ. ಅಡಿಹಾಸು ಇಲ್ಲದಿದ್ದರೆ ಇಡೀ ಅಟ್ಟದಲ್ಲಿ ಚದುರಿ ಬೀಳುತ್ತಿದ್ದ ನೀರು ಈಗ ಒಂದೇ ಸಾಲಿನಲ್ಲಿ ತೊಲೆಗೆ ಬೀಳುತ್ತದೆ, ಅಷ್ಟೇ ವ್ಯತ್ಯಾಸ. ತೂಗುಬಿಟ್ಟ ಫೆಲ್ಟ್ ಬಿಸಿಲಿಗೆ ಒಣಗಿ ಮುರಿಯುವುದರಿಂದ ಸೂರಿನ ಉದ್ದಕ್ಕೂ 20 ಸೆಂ.ಮೀ. ಅಗಲದ ಕಲಾಯಿ ತಗಡನ್ನು ಮೊದಲು ಹೊಡೆದು, ಅದರ ಅಂಚು ದೋಣಿಯೊಳಗೆ ಬಾಗಿಸಿ, ಫೆಲ್ಟನ್ನು ತಗಡಿನ ಮೇಲೆ ತಂದು ನಿಲ್ಲಿಸುವುದು ಬಾಳಿಕೆಯ ಕ್ರಮ. ಸ್ವಲ್ಪ ಖರ್ಚು, ಆದರೆ ಇಲ್ಲಿ ಉಳಿಸಲು ಹೋಗಬೇಡಿ.

ಸಾಲಿನಿಂದ ಸಾಲಿಗೆ 15 ಸೆಂ.ಮೀ. ಹೊದಿಕೆ ಕೊಡಿ. ಇಳಿಜಾರು ಚೆನ್ನಾಗಿದ್ದರೆ 10 ಸಾಕು ಅಂತಾರೆ. ಎರಚಲು ಹೊಡೆಯುವ ನೈಋತ್ಯ ದಿಕ್ಕಿನ ಮಾಡಿಗೆ ನಾನು 15 ಕ್ಕಿಂತ ಕಡಿಮೆ ಕೊಡುವುದಿಲ್ಲ. ಒಂದೇ ಸಾಲಿನಲ್ಲಿ ರೋಲ್ ಮುಗಿದು ಇನ್ನೊಂದು ಸೇರಿಸುವಾಗ ತುದಿ ಹೊದಿಕೆಯೂ 15 ಸೆಂ.ಮೀ. ಇರಲಿ. ಹಲಗೆ ಇಲ್ಲದ ಮಾಡಾದರೆ ಆ ಜೋಡಣೆ ಪಕ್ಕಾಸಿನ ಮೇಲೇ ಬರಬೇಕು, ನಡುವೆ ಜೋತಾಡಬಾರದು. ಮೇಲಿನ ಸಾಲಿನ ಜೋಡಣೆ ಕೆಳಗಿನದರ ನೇರಕ್ಕೆ ಬರದಂತೆ ಒಂದು ಮೀಟರಾದರೂ ಸರಿಸಿ.

ಮೊಳೆ ಹೊಡೆಯುವುದು ಪ್ರತಿ ಸಾಲಿನ ಮೇಲಂಚಿನಲ್ಲಿ. ಮುಂದಿನ ಸಾಲು ಬಂದು ಆ ಮೊಳೆ ತಲೆಗಳನ್ನು ಮುಚ್ಚಬೇಕು. ಅಗಲ ತಲೆಯ ಕಲಾಯಿ ಮೊಳೆ, ಉದ್ದ 20 ಮಿ.ಮೀ. ಸಾಕು, ಹಲಗೆ ದಾಟಿ ತುದಿ ಕೆಳಗೆ ಇಣುಕಬಾರದು. ಸುತ್ತಿಗೆಯ ಕೊನೇ ಪೆಟ್ಟು ಮೆಲ್ಲಗೆ. ತಲೆ ಫೆಲ್ಟನ್ನು ಕತ್ತರಿಸಿ ಒಳಹೋದರೆ ಆ ಮೊಳೆ ಇದ್ದೂ ಇಲ್ಲದ ಹಾಗೆ. ಇದು ತಾತ್ಕಾಲಿಕ ಹಿಡಿತ ಮಾತ್ರ, ನಿಜವಾಗಿ ಫೆಲ್ಟನ್ನು ಹಿಡಿಯುವುದು ಮೇಲೆ ಬರುವ ಪಟ್ಟಿಗಳು.

ಇಡೀ ಕೆಲಸದ ಗುಟ್ಟು: ಪಟ್ಟಿ ಯಾವ ದಿಕ್ಕಿಗೆ?

ಇಲ್ಲಿ ನಾನು ಪಾಠ ಕಲಿತದ್ದು ಕೈ ಸುಟ್ಟುಕೊಂಡು. ನಮ್ಮ ಮನೆಯ ಹಿಂಬದಿಯ ಮಾಡಿಗೆ ಹಲಗೆ ಹೊಡೆಸಿ, ಅದರ ಮೇಲೆ ಫೆಲ್ಟ್ ಹಾಸಿ, ಅದರ ಮೇಲೆ ನೇರವಾಗಿ ಅಡ್ಡ ರೀಪು ಹೊಡೆಸಿ ಹಂಚು ಹೊದಿಸಿದೆವು. ಮೂರು ಮಳೆಗಾಲ ಒಂದು ಹನಿ ಒಳಗೆ ಬರಲಿಲ್ಲ. ನಾನಂತೂ ನೆಂಟರಿಷ್ಟರಿಗೆಲ್ಲ ತೋರಿಸಿದೆ. ನಾಲ್ಕನೇ ವರ್ಷ ಮಂಗ ಒಡೆದ ಹಂಚು ಬದಲಿಸಲು ಹತ್ತಿದವನ ಕಾಲಿನ ಕೆಳಗೆ ರೀಪು ಪಟಕ್ಕನೆ ಮುರಿಯಿತು. ಬಿಚ್ಚಿ ನೋಡಿದರೆ ಪ್ರತಿ ರೀಪಿನ ಮೇಲ್ಬದಿಯಲ್ಲೂ ಕೆಸರಿನ ಸಾಲು. ರೀಪು ಕೈಯಲ್ಲಿ ಹಿಂಡಿದರೆ ನೀರು ಬರುವಷ್ಟು ಕುಂಬಾಗಿತ್ತು. ಅವನು ಬೀಳದೆ ಇದ್ದದ್ದು ಪುಣ್ಯ.

ಕಾರಣ ಸರಳ. ಸಮತಟ್ಟಾದ ಹಲಗೆಯ ಮೇಲೆ ಫೆಲ್ಟ್, ಫೆಲ್ಟಿನ ಮೇಲೆ ಒತ್ತಿ ಕೂತ ಅಡ್ಡ ರೀಪು. ಹಂಚಿನಿಂದ ಜಿನುಗಿದ ನೀರು ಕೆಳಗೆ ಹರಿಯುವಾಗ ಪ್ರತಿ ರೀಪೂ ಒಂದೊಂದು ಕಟ್ಟ ಆಗುತ್ತದೆ. ತೋಟದ ಹಳ್ಳಕ್ಕೆ ನಾವು ಹಾಕುವ ಕಟ್ಟದ ಹಾಗೇ. ನೀರು ಅಲ್ಲೇ ನಿಲ್ಲುತ್ತದೆ, ಧೂಳು ತರಗೆಲೆ ಸೇರಿ ಗೊಬ್ಬರ ಆಗುತ್ತದೆ, ಮೊಳೆಯ ತೂತಿನಿಂದ ಹಲಗೆಗೂ ಇಳಿಯುತ್ತದೆ. ಫೆಲ್ಟ್ ತನ್ನ ಕೆಲಸ ಮಾಡಿದ್ದರಿಂದಲೇ ನಮಗೆ ಒಳಗಿಂದ ಏನೂ ಗೊತ್ತಾಗಲಿಲ್ಲ.

ಹಾಗಾಗಿ ಹಲಗೆ ಇರುವ ಮಾಡಿನಲ್ಲಿ ಫೆಲ್ಟಿನ ಮೇಲೆ ಮೊದಲು ಉದ್ದ ಪಟ್ಟಿ ಬರಬೇಕು. ಅಂದ್ರೆ ನೆತ್ತಿಯಿಂದ ಸೂರಿಗೆ, ಕೆಳಗಿನ ಪಕ್ಕಾಸಿನ ನೇರಕ್ಕೇ, ಒಂದು ಇಂಚು ದಪ್ಪದ ಪಟ್ಟಿ. ಕೆಲವು ಬಡಗಿಗಳು ಇದನ್ನು ಕೌಂಟರ್ ರೀಪು ಅಂತಾರೆ. ಮೊಳೆ ಹಲಗೆ ದಾಟಿ ಪಕ್ಕಾಸಿಗೆ ಹಿಡಿಯಬೇಕು. ಆಮೇಲೆ ಅದರ ಮೇಲೆ ಅಡ್ಡ ರೀಪು, ಅದರ ಮೇಲೆ ಹಂಚು. ಈಗ ರೀಪಿನ ಕೆಳಗೆ ಒಂದು ಇಂಚು ಸಂದು ಉಳಿಯಿತು. ನೀರು ತಡೆಯಿಲ್ಲದೆ ದೋಣಿಗೆ ಹೋಗುತ್ತದೆ, ಗಾಳಿಯೂ ಆಡಿ ರೀಪು ಒಣಗುತ್ತದೆ. ಮೊಳೆ ತೂತುಗಳೆಲ್ಲ ಪಟ್ಟಿಯ ಅಡಿಯಲ್ಲಿ, ನೀರು ಹರಿಯುವ ದಾರಿಯಿಂದ ಹೊರಗೆ. ಖರ್ಚು ಹೆಚ್ಚುವುದು ಪಟ್ಟಿಯ ಮರದ್ದು, ಒಂದು ದಿನದ ಕೂಲಿಯದ್ದು.

ಹಲಗೆ ಇಲ್ಲದ ಮಾಡಿನಲ್ಲಿ ವಿಷಯ ಬೇರೆ. ಹಂಚು, ಹಳೇ ರೀಪು ಎರಡನ್ನೂ ತೆಗೆದು ಫೆಲ್ಟನ್ನು ಪಕ್ಕಾಸಿನಿಂದ ಪಕ್ಕಾಸಿಗೆ ಹಾಸುತ್ತೇವೆ. ಬಿಗಿಯಾಗಿ ಎಳೆಯಬೇಡಿ. ಎರಡು ಪಕ್ಕಾಸಿನ ನಡುವೆ ಬೆರಳಿನ ದಪ್ಪ, ಅಂದ್ರೆ 1 ರಿಂದ 1.5 ಸೆಂ.ಮೀ. ಜೋಲು ಬಿಡಿ. ಆ ಜೋಲೇ ಕಾಲುವೆ. ರೀಪು ಪಕ್ಕಾಸಿನ ಮೇಲೆ ಕೂತರೂ ನಡುವಿನ ಜೋಲಿನಲ್ಲಿ ರೀಪಿನ ಕೆಳಗಿನಿಂದ ನೀರು ಜಾರುತ್ತದೆ. ಜೋಲು ಹೆಚ್ಚಾದರೆ ಗಾಳಿಗೆ ಪಟಪಟ ಬಡಿದು ಹರಿಯುತ್ತದೆ, ಸೂರಿನ ಹತ್ತಿರ ಹೊಟ್ಟೆ ಬಂದು ನೀರು ನಿಲ್ಲುತ್ತದೆ. ಪಕ್ಕಾಸಿನ ಅಂತರ ಎರಡು ಅಡಿಗಿಂತ ಹೆಚ್ಚಿದ್ದರೆ ಈ ಕ್ರಮ ಬೇಡ, ಹಲಗೆಯನ್ನೇ ಹೊಡೆಸಿ.

ಹಂಚು ತೆಗೆಯುವ ರಗಳೆ ಯಾಕೆ, ಅಟ್ಟದ ಒಳಗಿನಿಂದಲೇ ಪಕ್ಕಾಸಿನ ಅಡಿಗೆ ಶೀಟ್ ಹೊಡೆದುಬಿಡೋಣ ಅಂತ ಕೇಳುವವರಿದ್ದಾರೆ. ಮಾಡಬೇಡಿ. ನೀರು ಶೀಟಿನ ಮೇಲೆ ಇಳಿದು ಗೋಡೆ ಒಳಕ್ಕೇ ಹೋಗುತ್ತದೆ, ಹೊರಗೆ ಹೋಗಲು ದಾರಿಯೇ ಇಲ್ಲ.

ಮೂಲೆ, ಕೊಳವೆ, ನೆತ್ತಿ

ಎರಡು ಮಾಡು ಕೂಡುವ ಒಳಮೂಲೆಯಲ್ಲೇ ಹೆಚ್ಚು ಮನೆಗಳು ಸೋರುವುದು. ಎರಡು ಕಡೆಯ ನೀರು ಅಲ್ಲಿ ಸೇರುತ್ತದೆ. ಅಲ್ಲಿ ಬೇರೆಲ್ಲಕ್ಕಿಂತ ಮುಂಚೆ ಒಂದು ಪೂರ್ತಿ ಅಗಲದ ಫೆಲ್ಟನ್ನು ಮೂಲೆಯ ಉದ್ದಕ್ಕೆ, ನೆತ್ತಿಯಿಂದ ಸೂರಿಗೆ ಹಾಸಿ. ಸಾಧ್ಯವಾದರೆ ಜೋಡಣೆಯೇ ಇಲ್ಲದ ಒಂದೇ ತುಂಡು. ನಡುಗೆರೆಯ ಎರಡೂ ಕಡೆ ಒಂದು ಗೇಣಿನಷ್ಟು ಜಾಗದಲ್ಲಿ ಒಂದು ಮೊಳೆಯೂ ಬೀಳಬಾರದು. ಅದರ ಮೇಲೆ ಎರಡೂ ಬದಿಯ ಸಾಲುಗಳು 30 ಸೆಂ.ಮೀ.ನಷ್ಟು ಬಂದು ಮುಚ್ಚಲಿ. ಕೊನೆಗೆ ತಗಡಿನ ದೋಣಿ. ತಗಡಿನ ಅಂಚನ್ನು ಎರಡೂ ಕಡೆ ಸ್ವಲ್ಪ ಮಡಚಿದರೆ ರಭಸದ ನೀರು ಪಕ್ಕಕ್ಕೆ ಹಾರುವುದಿಲ್ಲ. ಹೊರಮೂಲೆಯಲ್ಲಿ ಇಷ್ಟು ಕಷ್ಟ ಇಲ್ಲ, ಎರಡೂ ಬದಿಯ ಫೆಲ್ಟ್ ಇನ್ನೊಂದರ ಮೇಲೆ ಒಂದು ಗೇಣು ದಾಟಿದರೆ ಆಯ್ತು.

ಗೋಡೆಗೆ ತಾಗುವ ಕಡೆ ಫೆಲ್ಟನ್ನು 15 ಸೆಂ.ಮೀ. ಗೋಡೆಯ ಮೇಲಕ್ಕೆ ಎತ್ತಿ, ಅದರ ಮೇಲಂಚನ್ನು ಗೋಡೆಯಲ್ಲಿ ಗಾಡಿ ಕೊರೆದು ತುರುಕಿದ ತಗಡಿನಿಂದ ಮುಚ್ಚಬೇಕು. ಬರೀ ಸಿಮೆಂಟ್ ಮೆತ್ತಿದರೆ ಎರಡನೇ ಬೇಸಿಗೆಗೆ ಬಿರುಕು.

ಕೊಳವೆ ಬಂದಲ್ಲಿ ಫೆಲ್ಟನ್ನು ದುಂಡಗೆ ಕತ್ತರಿಸಬೇಡಿ. ನಕ್ಷತ್ರದ ಹಾಗೆ ಸೀಳಿ, ನಾಲಗೆಗಳನ್ನು ಕೊಳವೆಗೆ ಆನಿಸಿ ಮೇಲಕ್ಕೆ ಎತ್ತಿ ಡಾಂಬರು ಟೇಪ್ ಸುತ್ತಿ. ಅದಕ್ಕೂ ಮುಖ್ಯ, ಕೊಳವೆಯ ಮೇಲ್ಬದಿಗೆ ಒಂದು ಪಟ್ಟಿ ಫೆಲ್ಟನ್ನು ಕಾಲುವೆಯ ಹಾಗೆ ಮಡಚಿ ಓರೆಯಾಗಿ ಕೂರಿಸಿದರೆ ಮೇಲಿಂದ ಬರುವ ನೀರು ಕೊಳವೆಗೆ ಬಡಿಯದೆ ಪಕ್ಕದಿಂದ ಹೋಗುತ್ತದೆ. ಈ ಪಟ್ಟಿಯ ಮೇಲಂಚು ಮೇಲಿನ ಸಾಲಿನ ಅಡಿಗೆ ಸೇರಿರಲಿ.

ನೆತ್ತಿಯಲ್ಲಿ ಒಂದು ಬದಿಯ ಫೆಲ್ಟ್ ಇನ್ನೊಂದು ಬದಿಗೆ 15 ಸೆಂ.ಮೀ. ದಾಟಲಿ. ಹೀಗೆ ಪೂರ್ತಿ ಮುಚ್ಚಿದರೆ ಅಟ್ಟಕ್ಕೆ ಉಸಿರು ಕಟ್ಟುತ್ತದೆ, ಗಾಳಿಗೆ ಬೇರೆ ದಾರಿ ಬೇಕೇ ಬೇಕು. ಎರಡೂ ತುದಿಯ ತ್ರಿಕೋನದ ಗೋಡೆಯಲ್ಲಿ ಜಾಲರಿ ಹಾಕಿದ ಕಿಂಡಿ, ಸೂರಿನ ಅಡಿಯಲ್ಲಿ ಜಾಲರಿ ಸಂದು ಇಟ್ಟುಕೊಳ್ಳಿ. ಜಾಲರಿ ಸಣ್ಣ ಕಣ್ಣಿನದ್ದಿರಲಿ, ಇಲಿ ಬಾವಲಿಗೆ ನಾವು ಮನೆ ಕಟ್ಟಿಸುವುದು ಬೇಡ. ಅಡಿಕೆ ಪೂರ್ತಿ ಒಣಗದೆ ಅಟ್ಟಕ್ಕೆ ಏರಿಸುವ ಅಭ್ಯಾಸ ಇದ್ದವರು ಫೆಲ್ಟ್ ಹಾಕಿದ ಮೇಲೆ ಅದನ್ನು ಬಿಡಬೇಕು. ಮೊದಲು ಹಂಚಿನ ಸಂದಿಯಿಂದ ಹೋಗುತ್ತಿದ್ದ ತೇವ ಈಗ ಹೋಗುವುದಿಲ್ಲ.

ಒಲೆ ಇರುವಲ್ಲಿ ಬೇಡ

ಕಟ್ಟಿಗೆ ಒಲೆಯ ಅಡುಗೆಮನೆ, ಬಚ್ಚಲು ಒಲೆ, ಅಡಿಕೆ ಬೇಯಿಸುವ ಕೊಟ್ಟಿಗೆ ಇವುಗಳ ಮೇಲೆ ಡಾಂಬರು ಫೆಲ್ಟ್ ಹಾಸಬೇಡಿ. ಹೊಗೆ ಹಂಚಿನ ಸಂದಿಯಿಂದ ಹೊರಹೋಗುವ ಮಾಡು ಅದು. ಮುಚ್ಚಿದರೆ ಹೊಗೆ ಕೆಳಗೇ ನಿಂತು ಉರಿ ಕಣ್ಣು, ಕೆಮ್ಮು. ಜೊತೆಗೆ ಡಾಂಬರು ಹತ್ತಿಕೊಳ್ಳುವ ವಸ್ತು. ಅಡಿಕೆ ಒಲೆಯ ಕಿಡಿ ಎಷ್ಟು ಮೇಲೆ ಹಾರುತ್ತದೆ ಅಂತ ಬೇಯಿಸುವವರಿಗೆ ಹೇಳಬೇಕಾಗಿಲ್ಲ. ಹೊಗೆ ಕೊಳವೆ ಮಾಡನ್ನು ದಾಟುವ ಜಾಗದಲ್ಲೂ ಸುತ್ತ ಒಂದಡಿಯಾದರೂ ಫೆಲ್ಟ್ ಬಿಟ್ಟು ಅಲ್ಲಿ ತಗಡು ಹಾಕಿ.

ಕಾಫಿ ಬೆಳೆಗಾರರಿಗೆ ಇನ್ನೊಂದು ಮಾತು. ಹೊಸ ಫೆಲ್ಟ್ ಮೊದಲ ಬೇಸಿಗೆಯಲ್ಲಿ ಡಾಂಬರು ವಾಸನೆ ಬಿಡುತ್ತದೆ. ಕಾಫಿ ವಾಸನೆ ಹೀರುವ ಗುಣದ್ದು. ಮುಚ್ಚಿಗೆ ಇಲ್ಲದ ಗೋದಾಮಾದರೆ ಆ ವರ್ಷ ಕಾಫಿಯನ್ನು ಬೇರೆ ಕಡೆ ಇಡಿ.

ರೀಪು, ಹಂಚು ಮತ್ತೆ ಏರಿಸುವಾಗ

ಫೆಲ್ಟ್ ಹಾಸಿ ಪಟ್ಟಿ ಹೊಡೆದ ಮೇಲೆ, ಹಂಚು ಏರಿಸುವ ಮುಂಚೆ, ಒಂದು ಪರೀಕ್ಷೆ ಮಾಡಿ. ಒಬ್ಬರು ನೆತ್ತಿಯಿಂದ ನಾಲ್ಕಾರು ಕೊಡ ನೀರು ನಿಧಾನಕ್ಕೆ ಬಿಡಲಿ, ಒಳಮೂಲೆಗೆ ಇನ್ನೂ ಎರಡು ಕೊಡ. ಇನ್ನೊಬ್ಬರು ಟಾರ್ಚ್ ಹಿಡಿದು ಅಟ್ಟದಲ್ಲಿ ನೋಡಲಿ. ಹೊರಗೆ ನೀರು ಎಲ್ಲಾದರೂ ನಿಲ್ಲುತ್ತದೆಯಾ, ದೋಣಿಗೆ ಪೂರ್ತಿ ಬೀಳುತ್ತದೆಯಾ ಗಮನಿಸಿ. ಈಗ ಕಂಡ ತಪ್ಪಿಗೆ ಅರ್ಧ ಗಂಟೆಯ ಕೆಲಸ. ಹಂಚು ಹೊದಿಸಿದ ಮೇಲೆ ಕಂಡರೆ ಎರಡು ದಿನ.

ರೀಪಿನ ಅಂತರಕ್ಕೆ ಪುಸ್ತಕದ ಲೆಕ್ಕ ಬೇಡ, ಹಂಚಿನ ಅಳತೆ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ನಿಮ್ಮದೇ 11 ಹಂಚನ್ನು ಅಂಗಳದಲ್ಲಿ ಒಂದಕ್ಕೊಂದು ಕಚ್ಚಿಸಿ ಉದ್ದಕ್ಕೆ ಜೋಡಿಸಿ. ಮೊದಲ ಹಂಚಿನ ಮೇಲಂಚಿನಿಂದ ಕೊನೆಯದರ ಮೇಲಂಚಿಗೆ ಅಳೆದು 10 ರಿಂದ ಭಾಗಿಸಿದರೆ ಅದೇ ಅಂತರ. ಸಾಮಾನ್ಯವಾಗಿ 12 ರಿಂದ 13 ಇಂಚಿನ ಆಸುಪಾಸು ಬರುತ್ತದೆ. ಸೂರಿನ ಮೊದಲ ರೀಪು ಮಾತ್ರ ಹಂಚಿನ ದಪ್ಪದಷ್ಟು ಎತ್ತರ ಇರಲಿ, ಇಲ್ಲದಿದ್ದರೆ ಕೊನೇ ಸಾಲು ಮೂಗು ತಗ್ಗಿಸುತ್ತದೆ.

ಅಡಿಕೆ ದಬ್ಬೆಯ ರೀಪು ಅಗ್ಗ, ಆದರೆ ಮೊಳೆ ಹಿಡಿಯುವುದಿಲ್ಲ. ಫೆಲ್ಟ್ ಹಾಕಿದ ಮಾಡನ್ನು ಮತ್ತೆ ಮತ್ತೆ ಬಿಚ್ಚುವ ಹಾಗಿಲ್ಲವಾದ್ದರಿಂದ ಒಳ್ಳೇ ಮರದ ರೀಪನ್ನೇ ಹಾಕಿ. ಮರಕ್ಕೆ ಗೇರೆಣ್ಣೆ ಬಳಿಯುವ ಕರಾವಳಿಯ ಹಳೇ ಪದ್ಧತಿ ಒರಲೆಗೆ ಈಗಲೂ ಒಳ್ಳೆಯದು. ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ, ಕೈಗವಸು ಬೇಕು. ಬಳಿದು ಪೂರ್ತಿ ಒಣಗಿದ ಮೇಲೆಯೇ ಫೆಲ್ಟಿಗೆ ತಾಗಿಸಿ, ಹಸಿ ಎಣ್ಣೆ ಡಾಂಬರನ್ನು ಕರಗಿಸುತ್ತದೆ.

ಹಳೇ ಹಂಚನ್ನು ಉಜ್ಜಿ ತೊಳೆದು, ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅಂದರೆ ಇಟ್ಟುಕೊಳ್ಳಿ, ಬೊದ್ದು ಸದ್ದು ಬಂದರೆ ದನದ ಕೊಟ್ಟಿಗೆಗೂ ಬೇಡ. ಬೆಳಕಿಗೆ ಗಾಜಿನ ಹಂಚು ಇದ್ದಲ್ಲಿ ಫೆಲ್ಟ್ ಕತ್ತಲು ಮಾಡುತ್ತದೆ. ಆ ಜಾಗದಲ್ಲಿ ಫೆಲ್ಟನ್ನು ಕತ್ತರಿಸಿ ಕಿಟಕಿ ಬಿಡಲು ಹೋಗಬೇಡಿ, ತ್ರಿಕೋನದ ಗೋಡೆಯಲ್ಲಿ ಗಾಜು ಕೂರಿಸಿ ಬೆಳಕು ತನ್ನಿ.

ಮೇಲೆ ಹತ್ತುವವರ ಸೊಂಟಕ್ಕೆ ಹಗ್ಗ ಇರಲೇಬೇಕು, ಹಗ್ಗದ ಇನ್ನೊಂದು ತುದಿ ನೆತ್ತಿಯ ಆಚೆ ಬದಿಯ ಗಟ್ಟಿ ಮರಕ್ಕೆ. ಬಿಚ್ಚಿಟ್ಟ ಫೆಲ್ಟ್ ಬೆಳಗಿನ ಇಬ್ಬನಿಗೆ ಜಾರುತ್ತದೆ, ಅಡಿಕೆ ಮರ ಹತ್ತುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಅಟ್ಟದಲ್ಲಿ ಹಾದುಹೋದ ಕರೆಂಟಿನ ತಂತಿಯನ್ನು ಮೊಳೆ ಹೊಡೆಯುವ ಮುಂಚೆ ಗುರುತು ಮಾಡಿ, ಕೆಲಸ ಮುಗಿಯುವ ತನಕ ಆ ಲೈನ್ ಬಂದ್ ಇಡಿ.

ಮೊದಲ ದೊಡ್ಡ ಮಳೆಯ ಮರುದಿನ ಅಟ್ಟ ಹತ್ತಿ ತೊಲೆಯ ತಲೆ, ಒಳಮೂಲೆ, ಕೊಳವೆಯ ಸುತ್ತ ಕೈಯಾಡಿಸಿ ನೋಡಿ. ಒಡೆದ ಹಂಚನ್ನು ಫೆಲ್ಟ್ ಇದೆಯಲ್ಲ ಅಂತ ಹಾಗೇ ಬಿಡಬೇಡಿ. ಆ ತೂತಿನಿಂದ ಬೀಳುವ ಬಿಸಿಲಿಗೆ ಫೆಲ್ಟ್ ಒಂದೆರಡು ಬೇಸಿಗೆಯಲ್ಲಿ ಅಲ್ಲಿ ಮಾತ್ರ ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆ, ನವರಾತ್ರಿ ಕಳೆದು ಕೊಯ್ಲು ಶುರುವಾಗುವ ಮುಂಚೆ, ದೋಣಿಯ ಕಸ ತೆಗೆಯುವಾಗ ಸೂರಿನ ಒಂದೆರಡು ಹಂಚು ಎತ್ತಿ ಕೆಳಗಿನ ಫೆಲ್ಟ್ ಒಣಗಿದೆಯಾ ನೋಡಿಕೊಳ್ಳಿ.